ಕರೆಂಟು ಹೋಗಿ ಬಂದ ಮೇಲೆ ಸರ್ವರ್

ಕಚೇರಿಯಲ್ಲಿ ಫೈಲುಗಳನ್ನು ಕಳಿಸಲು, ತರಿಸಿಕೊಳ್ಳಲು ಒಂದು ಎಫ್‌ಟಿಪಿ ಸರ್ವರ್ ಇದೆ ಎನ್ನಿ. ನಡುರಾತ್ರಿ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿಯೂ ಇಳಿದು ಯಂತ್ರ ಆಫ್ ಆಗುತ್ತದೆ. ಬೆಳಗಿನ ಜಾವ ಕರೆಂಟು ಬಂದಾಗ ಅಲ್ಲಿ ಯಾರೂ ಇರುವುದಿಲ್ಲ. ಬಯಾಸ್‌ನಲ್ಲಿ ಮೊದಲೇ ಹೇಳಿಟ್ಟಿದ್ದರೆ ಯಂತ್ರವೇನೋ ತಾನಾಗಿ ಆನ್ ಆಗುತ್ತದೆ. ಆದರೆ ಸರ್ವರ್ ತಂತ್ರಾಂಶವನ್ನು ಎಬ್ಬಿಸುವವರು ಯಾರು?

ಎಫ್‌ಟಿಪಿಯ ಮೊದಲ ನಿಯಮಾವಳಿಯನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ, ಆಗ ಅಮೆರಿಕದ ಎಂಐಟಿಯಲ್ಲಿದ್ದವರು. ಎರಡು ಯಂತ್ರಗಳು ಹೇಗೆ ಮಾತಾಡಬೇಕೆಂದು ಆ ನಿಯಮ ಹೇಳುತ್ತದೆ. ಸರ್ವರನ್ನು ಎಬ್ಬಿಸುವುದು ಮಾತ್ರ ಆಪರೇಟಿಂಗ್ ಸಿಸ್ಟಮ್‌ನ ಕೆಲಸ.

ಲಿನಕ್ಸ್‌ನಲ್ಲಿ ಕರ್ನಲ್ ಮೆಮೊರಿಗೆ ಬಂದ ಮೇಲೆ ಒಂದು ಪ್ರೋಗ್ರಾಮನ್ನು ಶುರುಮಾಡುತ್ತದೆ. ಅದರ ಸಂಖ್ಯೆ 1. ಇವತ್ತು ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದು 2010ರಲ್ಲಿ ಬಂದ ಸಿಸ್ಟಮ್‌ಡಿ. ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಹೊಣೆ ಅದರದು. ವಿಎಸ್‌ಎಫ್‌ಟಿಪಿಡಿ ಎಂಬ ಜನಪ್ರಿಯ ಸರ್ವರಿಗೆ 'ಸ್ಟಾರ್ಟ್' ಆಜ್ಞೆ ಕೊಟ್ಟರೆ ಅದು ಈ ಗಳಿಗೆಗೆ ಮಾತ್ರ ಓಡುತ್ತದೆ. 'ಎನೇಬಲ್' ಎಂದರೆ ಬೂಟ್ ಆದಾಗ ಓದುವ ಫೋಲ್ಡರಿನಲ್ಲಿ ಆ ಸೇವೆಯ ಫೈಲಿಗೆ ಒಂದು ಕೊಂಡಿ ಬೀಳುತ್ತದೆ, ಅಷ್ಟೆ. ಸರ್ವರ್ ಆಗಲೇ ಓಡುವುದಿಲ್ಲ. ಎರಡೂ ಬೇಕು. ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ಮಾಡಿದಾಗಲೇ ಎರಡೂ ಆಗಿಬಿಡುತ್ತವೆ. ಫೆಡೋರಾದಲ್ಲಿ ನಾವೇ ಹೇಳಬೇಕು.

ನಿಜವಾದ ತೊಡಕು ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಸಿಸ್ಟಮ್‌ಡಿ ಅನೇಕ ಸೇವೆಗಳನ್ನು ಒಟ್ಟೊಟ್ಟಿಗೆ ಎಬ್ಬಿಸುತ್ತದೆ. ಸರ್ವರನ್ನು ಒಂದು ನಿರ್ದಿಷ್ಟ ಐಪಿ ವಿಳಾಸಕ್ಕೆ ಕಟ್ಟಿಹಾಕಿದ್ದು, ಆ ವಿಳಾಸ ಯಂತ್ರಕ್ಕೆ ಇನ್ನೂ ಸಿಕ್ಕಿರದಿದ್ದರೆ ಸರ್ವರ್ ಎದ್ದಷ್ಟೇ ಬೇಗ ಬಿದ್ದುಹೋಗುತ್ತದೆ. ನೆಟ್‌ವರ್ಕ್ ಪೂರ್ತಿ ಸಿದ್ಧವಾಗುವವರೆಗೆ ಕಾಯಲು ಹೇಳಿದರೆ ಇದು ಬಗೆಹರಿಯುತ್ತದೆ. ಬಿದ್ದದ್ದು ಲಾಗ್‌ನಲ್ಲೂ ಕಾಣುತ್ತದೆ, ಹಾಗಾಗಿ ಹುಡುಕುವುದು ಕಷ್ಟವಲ್ಲ.

ಡಿಸ್ಕಿನ ಸಮಸ್ಯೆ ಹಾಗಲ್ಲ. ನನಗೆ ಹೆಚ್ಚು ಭಯ ಅದರದೇ. ಫೈಲುಗಳಿರುವುದು ಬೇರೊಂದು ಹಾರ್ಡ್‌ಡಿಸ್ಕಿನಲ್ಲಿ, ಅದು ಮೌಂಟ್ ಆಗುವ ಮುಂಚೆಯೇ ಸರ್ವರ್ ಎದ್ದಿತು ಎಂದುಕೊಳ್ಳಿ. ಡಿಸ್ಕ್ ಬಂದು ಕೂರಬೇಕಾದ ಜಾಗದಲ್ಲಿ ಒಂದು ಖಾಲಿ ಫೋಲ್ಡರ್ ಇದ್ದೇ ಇರುತ್ತದೆ. ಬರೆಯಲು ಅನುಮತಿ ಇದ್ದರೆ, ಬಂದ ಫೈಲುಗಳನ್ನು ಸರ್ವರ್ ಅಲ್ಲೇ ಇಡುತ್ತದೆ. ಕಳಿಸಿದವರಿಗೆ ಎಲ್ಲ ಸರಿಹೋಯಿತೆಂಬ ಉತ್ತರವೂ ಸಿಗುತ್ತದೆ. ಆಮೇಲೆ ಡಿಸ್ಕ್ ಮೌಂಟ್ ಆದಾಗ ಆ ಫೈಲುಗಳು ಅದರ ಅಡಿಗೆ ಬಿದ್ದು ಕಣ್ಣಿಗೇ ಬೀಳುವುದಿಲ್ಲ. ಅಳಿದಿಲ್ಲ, ಆದರೂ ಇಲ್ಲ. ದಿನಗಟ್ಟಲೆ ಯಾರಿಗೂ ಗೊತ್ತಾಗದೆಯೂ ಇರಬಹುದು. 'ರಿಕ್ವೈರ್ಸ್ ಮೌಂಟ್ಸ್ ಫಾರ್' ಎಂಬ ಒಂದೇ ಸಾಲನ್ನು ಆ ಸೇವೆಯ ಫೈಲಿಗೆ ಸೇರಿಸಿದರೆ ಡಿಸ್ಕ್ ಬರುವವರೆಗೆ ಸಿಸ್ಟಮ್‌ಡಿ ಸರ್ವರನ್ನು ಎಬ್ಬಿಸುವುದಿಲ್ಲ. ಸರ್ವರ್ ಬಂದ್ ಆಗಿದ್ದರೆ ಯಾರಾದರೂ ದೂರುತ್ತಾರೆ, ಸರಿಪಡಿಸಬಹುದು. ತಪ್ಪು ಜಾಗದಲ್ಲಿ ಓಡುವ ಸರ್ವರಿಗಿಂತ ಅದು ಎಷ್ಟೋ ಮೇಲು.

ಇನ್ನೊಂದು ಎಚ್ಚರಿಕೆ: ಹಳೆಯ ಎಫ್‌ಟಿಪಿ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಕಳಿಸುತ್ತದೆ. ಆದ್ದರಿಂದ ಇಂಟರ್ನೆಟ್ಟಿಗೆ ತೆರೆದಿಡುವುದಾದರೆ ಎಸ್‌ಎಫ್‌ಟಿಪಿಯೇ ಸರಿ.

ಎಲ್ಲ ಮುಗಿದ ಮೇಲೆ ಬೇರೆಯವರಿಗೆ ತೊಂದರೆಯಾಗದ ಹೊತ್ತು ನೋಡಿ ಯಂತ್ರವನ್ನು ರೀಬೂಟ್ ಮಾಡಿ. ಅದರ ಕೀಬೋರ್ಡ್ ಮುಟ್ಟದೆ, ಇನ್ನೊಂದು ಕಂಪ್ಯೂಟರಿನಿಂದ ಒಂದು ಫೈಲ್ ಕಳಿಸಿ. ಅದು ಹೋಯಿತೆಂದು ಎದ್ದುಬಿಡಬೇಡಿ. ಯಾವ ಡಿಸ್ಕಿನಲ್ಲಿ ಕೂತಿದೆ ಎಂದೂ ನೋಡಿ.