ಪದವಿಯ ಮೊದಲ ವರ್ಷ: ಕಾಲೇಜು ಹೇಗೆ ನಡೆಯುತ್ತದೆ, ಏನನ್ನು ಯಾರಲ್ಲಿ ಕೇಳಬೇಕು

ಪಿಯುಸಿ ಮುಗಿಸಿ ಪದವಿ ಕಾಲೇಜಿಗೆ ಬಂದ ಮೊದಲ ವಾರ ಬಹಳ ಮಂದಿಗೆ ದಿಕ್ಕೇ ತೋಚುವುದಿಲ್ಲ. ಬೆಳಿಗ್ಗೆ ಎರಡು ಕ್ಲಾಸ್, ಆಮೇಲೆ ಬಿಡುವು, ಮಧ್ಯಾಹ್ನ ಇನ್ನೊಂದು ಕ್ಲಾಸ್. ಒಂದು ದಿನ ಹೋಗದಿದ್ದರೆ ಮನೆಗೆ ಫೋನ್ ಬರುವುದಿಲ್ಲ. ನೋಟ್ಸ್ ಬರೆದಿರಾ ಎಂದು ಯಾರೂ ತೆಗೆದು ನೋಡುವುದಿಲ್ಲ. ಇದು ಸ್ವಾತಂತ್ರ್ಯ ಅನ್ನಿಸುತ್ತದೆ. ಆದರೆ ಇದರ ಜೊತೆಗೇ ಒಂದು ಹೊಣೆಯೂ ಬಂದಿರುತ್ತದೆ. ಇಷ್ಟು ದಿನ ಮೇಷ್ಟ್ರು, ಅಪ್ಪ, ಅಮ್ಮ ನೆನಪಿಸುತ್ತಿದ್ದ ಕೆಲಸಗಳನ್ನು ಇನ್ನು ಮುಂದೆ ನೀವೇ ನೆನಪಿಟ್ಟುಕೊಳ್ಳಬೇಕು. ಗೊತ್ತಿಲ್ಲದ್ದನ್ನು ನೀವೇ ಹೋಗಿ ಕೇಳಬೇಕು. ಕಾಲೇಜಿನಲ್ಲಿ ಕೇಳಿದವರಿಗೆ ಬಹಳಷ್ಟು ಸಿಗುತ್ತದೆ, ಸುಮ್ಮನಿದ್ದವರ ಕೈತಪ್ಪುತ್ತದೆ.

ಸೆಮಿಸ್ಟರ್ ಅಂದರೇನು?

ಸೆಮಿಸ್ಟರ್ ಎಂದರೆ ಅರ್ಧ ವರ್ಷದ ಓದು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮತ್ತೆ ಮೂರು ವರ್ಷದ ಪದವಿಗಳಾಗಿವೆ. ಅಂದರೆ ಒಟ್ಟು ಆರು ಸೆಮಿಸ್ಟರ್. ಪ್ರವೇಶ, ಪುಸ್ತಕ, ರಜೆ ಎನ್ನುತ್ತಿದ್ದಂತೆ ಮೊದಲ ಸೆಮಿಸ್ಟರ್ ಮುಗಿಯುತ್ತಾ ಬಂದಿರುತ್ತದೆ. "ಮೊದಲು ಹೊಂದಿಕೊಳ್ಳೋಣ, ಆಮೇಲೆ ಓದೋಣ" ಎಂದುಕೊಂಡವರು ಎಡವುವುದು ಇಲ್ಲಿಯೇ.

ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಇರುತ್ತದೆ. ಕ್ರೆಡಿಟ್ ಎಂದರೆ ಆ ವಿಷಯದ ತೂಕ. ವಾರಕ್ಕೆ ಒಂದು ಗಂಟೆಯ ಪಾಠ, ಅಥವಾ ಎರಡು ಗಂಟೆಯ ಪ್ರಯೋಗಾಲಯದ ಕೆಲಸ, ಇಡೀ ಸೆಮಿಸ್ಟರ್ ನಡೆದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಫಲಿತಾಂಶದ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್ (ಅಂಕಕ್ಕೆ ತಕ್ಕಂತೆ ಕೊಡುವ ಶ್ರೇಣಿ ಸಂಖ್ಯೆ), ಈ ತೂಕದ ಮೇಲೆಯೇ ನಿಲ್ಲುತ್ತದೆ. ಒಂದು ಲೆಕ್ಕ ನೋಡಿ. 5 ಕ್ರೆಡಿಟ್‌ನ ವಿಷಯದಲ್ಲಿ ನಿಮಗೆ ಗ್ರೇಡ್ ಪಾಯಿಂಟ್ 6 ಬಂತು: 5×6=30. 3 ಕ್ರೆಡಿಟ್‌ನ ವಿಷಯದಲ್ಲಿ 8 ಬಂತು: 3×8=24. ಒಟ್ಟು 54. ಇದನ್ನು 8 ಕ್ರೆಡಿಟ್‌ನಿಂದ ಭಾಗಿಸಿದರೆ 6.75. ದೊಡ್ಡ ಕ್ರೆಡಿಟ್‌ನ ವಿಷಯದಲ್ಲಿ ಸಡಿಲಬಿಟ್ಟರೆ ಸರಾಸರಿ ಬೇಗ ಇಳಿಯುತ್ತದೆ. ಆದ್ದರಿಂದ ಮೊದಲ ವಾರವೇ ಸಿಲಬಸ್ ಪ್ರತಿ ತೆಗೆದುಕೊಂಡು, ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂದು ಗುರುತು ಹಾಕಿಕೊಳ್ಳಿ.

ಹಾಜರಾತಿಯ ಲೆಕ್ಕ

ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಪ್ರತಿ ವಿಷಯದಲ್ಲೂ ಶೇ 75 ಹಾಜರಾತಿ ಬೇಕು. ಕೇಳಲು ಸುಲಭ, ಲೆಕ್ಕ ಹಾಕಿದರೆ ಬಿಗಿ. ವಾರಕ್ಕೆ ನಾಲ್ಕು ಕ್ಲಾಸ್‌ನಂತೆ 15 ವಾರಕ್ಕೆ 60 ಕ್ಲಾಸ್. ಅದರ ಶೇ 75 ಎಂದರೆ 45. ನೀವು ತಪ್ಪಿಸಬಹುದಾದದ್ದು 15 ಮಾತ್ರ. ವಾರಕ್ಕೆ ಒಂದೇ ಒಂದು ಕ್ಲಾಸ್ ಬಂಕ್ ಮಾಡಿದರೂ ಆ ಹದಿನೈದೂ ಮುಗಿಯಿತು. ಜ್ವರಕ್ಕೆ, ಅಕ್ಕನ ಮದುವೆಗೆ, ಊರ ಜಾತ್ರೆಗೆ ಏನೂ ಉಳಿಯುವುದಿಲ್ಲ.

"ಒಂದು ವಿಷಯದಲ್ಲಿ ಫೇಲಾದರೆ ವರ್ಷ ಹೋಯಿತೇ?" ಎಂಬ ಭಯ ಹಲವರಿಗಿದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಮುಂದಿನ ಸೆಮಿಸ್ಟರ್‌ಗೆ ಹೋಗಿ, ಉಳಿದ ವಿಷಯವನ್ನು ಮತ್ತೆ ಬರೆಯಬಹುದು. ಇದನ್ನೇ ಬ್ಯಾಕ್‌ಲಾಗ್ ಎನ್ನುವುದು. ಆದರೆ ಹಾಜರಾತಿ ಕೊರತೆಯಾದರೆ ಪರೀಕ್ಷೆಗೇ ಬಿಡುವುದಿಲ್ಲ. ಫೇಲಾಗುವುದಕ್ಕಿಂತ ಇದು ದುಬಾರಿ. ಕಾಯಿಲೆಯಾದರೆ ವೈದ್ಯರ ಚೀಟಿಯನ್ನು ಗುಣವಾಗಿ ಬಂದ ದಿನವೇ ಕೊಡಿ, ಸೆಮಿಸ್ಟರ್ ಕೊನೆಗೆ ಅಲ್ಲ.

ಇನ್ನು ಐಎ ಅಂಕ, ಅಂದರೆ ಆಂತರಿಕ ಮೌಲ್ಯಮಾಪನ. ಕಾಲೇಜಿನ ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್‌ಗಳಿಂದ ಬರುವ ಅಂಕ ಇದು. ಅಂತಿಮ ಪರೀಕ್ಷೆಗೆ ಮೊದಲೇ ನಿಮ್ಮ ಖಾತೆಗೆ ಸೇರುತ್ತದೆ. ಟೆಸ್ಟ್ ತಪ್ಪಿಸಿದರೆ ಅಷ್ಟನ್ನು ಕೈಯಾರೆ ಬಿಟ್ಟಂತೆ.

ಕನ್ನಡ ಮಾಧ್ಯಮದಿಂದ ಬಂದಿದ್ದೀರಾ?

ಕ್ಲಾಸಿನಲ್ಲಿ ಇಂಗ್ಲಿಷ್ ಕೇಳಿ ಎದೆ ನಡುಗಿದರೆ ನೀವು ಒಬ್ಬರೇ ಅಲ್ಲ. ಪಕ್ಕದ ಬೆಂಚಿನವರಿಗೂ ಅದೇ ಆಗಿರುತ್ತದೆ, ಹೇಳಿಕೊಂಡಿರುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ವಿಷಯದಲ್ಲೂ ದಿನಕ್ಕೆ ಐದು ಪಾರಿಭಾಷಿಕ ಪದ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆಯಿರಿ. ನಾಳೆಯ ಪಾಠದ ಎರಡು ಪುಟವನ್ನು ಇಂದೇ ಒಮ್ಮೆ ಓದಿ ಹೋಗಿ. ಆಗ ಕಿವಿಗೆ ಬೀಳುವ ಪದ ಹೊಸದಾಗಿರುವುದಿಲ್ಲ. ಬಿ.ಎ.ಯಂಥ ಪದವಿಗಳಲ್ಲಿ ಹಲವು ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯುವ ಅವಕಾಶ ಇರುತ್ತದೆ. ನಿಮ್ಮ ವಿಷಯಕ್ಕೆ ಇದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ.

ಖರ್ಚು ಎಷ್ಟು, ನೆರವು ಎಲ್ಲಿ?

ದೊಡ್ಡ ಖರ್ಚು ವಸತಿ ಮತ್ತು ಊಟದ್ದು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಇಲಾಖೆಗಳು ಮೆಟ್ರಿಕ್ ನಂತರದ ಹಾಸ್ಟೆಲ್ ನಡೆಸುತ್ತವೆ. ಅಲ್ಲಿ ಊಟ, ವಸತಿ ಉಚಿತ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆ ಇದೆ. ಊಟ, ವಸತಿಗೆಂದು ತಿಂಗಳಿಗೆ ಇಷ್ಟು ಎಂಬಂತೆ ಹತ್ತು ತಿಂಗಳು ಹಣ ಸಿಗುತ್ತದೆ. ಹಾಗಾಗಿ ಪಿ.ಜಿ.ಗೆ, ಅಂದರೆ ಖಾಸಗಿ ವಸತಿಗೆ, ಮುಂಗಡ ಕಟ್ಟುವ ಮೊದಲು ಇಲಾಖೆಯ ತಾಲ್ಲೂಕು ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಆಧಾರ್, ಕಾಲೇಜು ಶುಲ್ಕದ ರಸೀದಿ ಸಿದ್ಧವಿರಲಿ. ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಗೆ ಅರ್ಜಿ ಹಾಕಿ. "ಮಂಜೂರಾಗಿದೆ, ಆದರೆ ಹಣ ಬಂದಿಲ್ಲ" ಎಂಬ ದೂರು ಸಾಮಾನ್ಯ. ಅದಕ್ಕೆ ಎರಡು ಕಾರಣ ಹೆಚ್ಚು. ಒಂದು, ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಎರಡು, ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುತ್ತೀರಿ, ಆದರೆ ಖಾತೆ ಎನ್‌ಪಿಸಿಐನಲ್ಲಿ ಜೋಡಣೆಯಾಗಿರುವುದಿಲ್ಲ. ಎನ್‌ಪಿಸಿಐ ಎಂದರೆ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಆಧಾರ್ ಮೂಲಕ ತೋರಿಸುವ ವ್ಯವಸ್ಥೆ ನಡೆಸುವ ಸಂಸ್ಥೆ. ಬ್ಯಾಂಕಿನಲ್ಲಿ "ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಎಂದೇ ಕೇಳಿ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೆ, ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ, ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನವನ್ನೂ ನೋಡಿ. ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ಓಡಾಟಕ್ಕೆ ವಿದ್ಯಾರ್ಥಿ ಬಸ್ ಪಾಸ್ ಇದೆ, ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ಪುಸ್ತಕಕ್ಕೆ ಮೊದಲು ಕಾಲೇಜು ಗ್ರಂಥಾಲಯ, ಆಮೇಲೆ ಸೀನಿಯರ್‌ಗಳು. ಹೊಸ ಪುಸ್ತಕ ಕೊನೆಗೆ.

ಪರೀಕ್ಷೆ ಅರ್ಜಿ, ಫಲಿತಾಂಶಗಳು ರಾಜ್ಯದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಯುಯುಸಿಎಂಎಸ್ ಎಂಬ ಒಂದೇ ತಾಣದಲ್ಲಿವೆ. ಅದರ ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ, ಸೈಬರ್ ಸೆಂಟರ್‌ನವರ ಮೊಬೈಲ್ ಸಂಖ್ಯೆಯನ್ನು ನೋಂದಣಿಗೆ ಕೊಡಬೇಡಿ. ಪರೀಕ್ಷೆ ಅರ್ಜಿಗೆ ಕೊನೆಯ ದಿನದವರೆಗೆ ಕಾಯಬೇಡಿ, ದಿನ ತಪ್ಪಿದರೆ ದಂಡ ಕಟ್ಟಬೇಕಾಗುತ್ತದೆ.

ಮನಸ್ಸು ಭಾರವಾದಾಗ

ಮೊದಲ ಕೆಲವು ವಾರ ಮನೆ ನೆನಪಾಗುವುದು, ಮೆಸ್ ಊಟ ಸೇರದಿರುವುದು, ರಾತ್ರಿ ಅಳು ಬರುವುದು ದೌರ್ಬಲ್ಯವಲ್ಲ. ಊಟಕ್ಕೆ ಒಬ್ಬರೇ ಕೂರಬೇಡಿ. ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆ, ನಾಟಕ, ಯಾವುದಾದರೂ ಒಂದಕ್ಕೆ ಹೆಸರು ಕೊಡಿ. ಕ್ಲಾಸಿನ ಆಚೆ ಸ್ನೇಹ ಬೆಳೆಯುವುದು ಅಲ್ಲಿಯೇ. ಆದರೆ ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ-ಮಾನಸ್‌ಗೆ ಕರೆ ಮಾಡಿ: 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸೀನಿಯರ್‌ಗಳು ಪರಿಚಯದ ಹೆಸರಲ್ಲಿ ಅವಮಾನಿಸಿದರೆ, ಹಣ ಕೇಳಿದರೆ, ಮೈಮುಟ್ಟಿದರೆ ಅದು ರ‍್ಯಾಗಿಂಗ್. ಅದು ಶಿಕ್ಷಾರ್ಹ ಅಪರಾಧ. ಪ್ರಾಂಶುಪಾಲರಿಗೆ ಹೇಳಿ, ಅಥವಾ ಯುಜಿಸಿಯ ಉಚಿತ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಿ.

ಯಾರನ್ನು ಏನು ಕೇಳಬೇಕು?

ಪಾಠ, ಐಎ, ಹಾಜರಾತಿಗೆ ಆಯಾ ವಿಷಯದ ಅಧ್ಯಾಪಕರು. ಶುಲ್ಕ, ವ್ಯಾಸಂಗ ಪ್ರಮಾಣಪತ್ರ, ವಿದ್ಯಾರ್ಥಿವೇತನಕ್ಕೆ ಕಚೇರಿಯ ಗುಮಾಸ್ತರು. ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗೆ ಗ್ರಂಥಪಾಲಕರು. ಉಳಿದದ್ದಕ್ಕೆಲ್ಲ ನಿಮ್ಮ ಮೆಂಟರ್, ಅಂದರೆ ನಿಮ್ಮ ಗುಂಪಿನ ಹೊಣೆ ಹೊತ್ತ ಅಧ್ಯಾಪಕರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸುದ್ದಿಯನ್ನು ನೋಟಿಸ್ ಬೋರ್ಡ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಕೇಳಿದರೆ ನಗುತ್ತಾರೇನೋ ಎಂಬ ಸಂಕೋಚ ಬೇಡ. ನಾಳೆ ಕಾಲೇಜಿಗೆ ಹೋದಾಗ ಮೂರು ಕೆಲಸ ಮಾಡಿ: ಸಿಲಬಸ್ ಪ್ರತಿ ಪಡೆಯಿರಿ, ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಕೇಳಿ, ಮೆಂಟರ್‌ಗೆ ನಿಮ್ಮ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ಸಂಜೆ ಮನೆಗೆ ಫೋನ್ ಮಾಡಿ, ಮೂರೂ ಆಯಿತು ಎಂದು ಅಪ್ಪ ಅಮ್ಮನಿಗೆ ತಿಳಿಸಿ.