ಅಂಗಡಿ ಕ್ಯಾಮೆರಾ ನಿಮ್ಮದು, ಪಾಸ್‌ವರ್ಡ್ ಯಾರ ಕೈಯಾಗಿದೆ?

ಗಿಲ್ಲೆಸುಗೂರು: ಮಾಲು ತರಲು ರಾಯಚೂರಿಗೆ ಹೋದ ಅಂಗಡಿ ಮಾಲೀಕರು ಅಲ್ಲಿಂದಲೇ ಮೊಬೈಲ್‌ನಲ್ಲಿ ಗಲ್ಲಾ ಮೇಲೆ ಕಣ್ಣಿಡುವುದು ಈಗ ಹೊಸದೇನಲ್ಲ. ಆ್ಯಪ್‌ನಲ್ಲಿ ಬೆರಳು ಸರಿಸಿದರೆ ತಿರುಗುವ ಕ್ಯಾಮೆರಾ ಎಡಕ್ಕೆ, ಬಲಕ್ಕೆ ಹೊರಳುತ್ತೆ. ಮೈಕ್ ಗುರುತು ಒತ್ತಿ ಮಾತಾಡಿದರೆ ಅಂಗಡಿಯಲ್ಲಿ ನಿಮ್ಮ ದನಿ ಕೇಳುತ್ತೆ. ಅನುಕೂಲ ಹೌದು. ಆದರೆ ನೀವು ನೋಡಿದಂಗೆ ಬೇರೆಯವರೂ ನೋಡ್ತಿದ್ದರೆ?

ಇದು ಕೆಲಸ ಮಾಡೋದು ಹೆಂಗೆ?

ಕ್ಯಾಮೆರಾ ಅಂಗಡಿಯ ವೈಫೈ ಮೂಲಕ ಕಂಪನಿಯ ಸರ್ವರ್ ಜೊತೆ ಸಂಪರ್ಕದಲ್ಲಿರುತ್ತೆ. ನಿಮ್ಮ ಆ್ಯಪ್ ಕೂಡ ಅದೇ ಸರ್ವರ್‌ಗೆ ಹೋಗಿ ಕ್ಯಾಮೆರಾ ತೋರಿಸು ಅಂತ ಕೇಳುತ್ತೆ. ಪಾಸ್‌ವರ್ಡ್ ಸರಿ ಇದ್ದರೆ ವಿಡಿಯೋ ಬರುತ್ತೆ. ಕೇಳ್ತಿರೋರು ಮಾಲೀಕರೋ ಬೇರೆಯವರೋ ಅಂತ ಅದು ನೋಡಲ್ಲ. ಅಂದ್ರೆ ಪಾಸ್‌ವರ್ಡೇ ಬೀಗದ ಕೈ.

ರಾಜ್‌ಕೋಟ್‌ನಲ್ಲಿ ಆಗಿದ್ದು

2025ರ ಫೆಬ್ರವರಿಯಲ್ಲಿ ಗುಜರಾತ್‌ನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ವಿಡಿಯೋಗಳು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದಿದ್ದವು. ಕ್ಯಾಮೆರಾ ಜೊತೆ ಬಂದಿದ್ದ ಸುಲಭದ ಪಾಸ್‌ವರ್ಡ್ ಅನ್ನೇ ಬದಲಿಸದೆ ಬಿಟ್ಟಿದ್ದು ಕಾರಣ ಎಂದು ವರದಿಯಾಯಿತು. ಬಟ್ಟೆ ಅಂಗಡಿ, ಬ್ಯೂಟಿ ಪಾರ್ಲರ್, ಕ್ಲಿನಿಕ್ ನಡೆಸುವವರು ಇದನ್ನು ಮರೀಬಾರದು. ಹೋಗೋದು ನಿಮ್ಮ ಮಾನ ಅಷ್ಟೇ ಅಲ್ಲ, ನಂಬಿ ಬಂದ ಗಿರಾಕಿಗಳದ್ದೂ.

ಇವತ್ತೇ ಮಾಡಬೇಕಾದ್ದು

* ಕ್ಯಾಮೆರಾ ಹಾಕಲು ಬಂದ ಹುಡುಗರು ಎಷ್ಟೋ ಸಲ ತಮ್ಮ ಮೊಬೈಲ್‌ನಲ್ಲೇ ಖಾತೆ ತೆಗೆದು, ನಿಮಗೆ ಬರೀ ಶೇರ್ ಮಾಡಿರ್ತಾರೆ. ಖಾತೆ ನಿಮ್ಮದೇ ನಂಬರಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅವರನ್ನೇ ಕರೆದು ಬದಲಿಸಿಕೊಳ್ಳಿ.
* ಡಿವಿಆರ್ ಪೆಟ್ಟಿಗೆ, ಆ್ಯಪ್, ವೈಫೈ ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಿ. ಅಂಗಡಿ ಹೆಸರು, ಫೋನ್ ನಂಬರ್ ಬೇಡ.
* ಆ್ಯಪ್‌ನ ಶೇರ್ ಪಟ್ಟಿ ತೆರೆದು, ಕೆಲಸ ಬಿಟ್ಟ ಹುಡುಗರ ಹೆಸರಿದ್ದರೆ ತೆಗೆಯಿರಿ.
* ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆ ಇದ್ದರೆ ಆನ್ ಮಾಡಿ. ಆಗ ಒಟಿಪಿ ಇಲ್ಲದೆ ಹೊಸ ಮೊಬೈಲ್‌ನಲ್ಲಿ ಖಾತೆ ತೆರೆಯಲ್ಲ.
* ಬಟ್ಟೆ ಬದಲಿಸುವ ಕೋಣೆ, ರೋಗಿ ನೋಡುವ ಕೋಣೆಯಲ್ಲಿ ಕ್ಯಾಮೆರಾ ಹಾಕಲೇಬೇಡಿ.

ನೆಟ್, ಕರೆಂಟ್ ಲೆಕ್ಕ

ಎಚ್‌ಡಿಯಲ್ಲಿ 2 ಎಂಬಿಪಿಎಸ್ ವೇಗದಲ್ಲಿ ನೋಡಿದರೆ ಗಂಟೆಗೆ ಸುಮಾರು 900 ಎಂಬಿ ಡೇಟಾ ಖರ್ಚು. ಎಸ್‌ಡಿಗೆ ಇಳಿಸಿ 512 ಕೆಬಿಪಿಎಸ್‌ನಲ್ಲಿ ನೋಡಿದರೆ 230 ಎಂಬಿ ಸಾಕು. ನೆಟ್ ಹೋದರೆ ಆ್ಯಪ್‌ನಲ್ಲಿ ಚಿತ್ರ ಬರಲ್ಲ, ಆದರೆ ಮೆಮೊರಿ ಕಾರ್ಡ್ ಹಾಕಿದ್ದರೆ ರೆಕಾರ್ಡ್ ಆಗ್ತಾ ಇರುತ್ತೆ. ಕರೆಂಟ್ ಹೋದರೆ ಎರಡೂ ಬಂದ್. ಶಕ್ತಿನಗರ ನಮ್ಮ ಜಿಲ್ಲೆಯಲ್ಲೇ ಇದ್ದರೂ ಅಂಗಡಿಗೆ ಯುಪಿಎಸ್ ಬೇಕೇ ಬೇಕು. ರೂಟರ್, ಕ್ಯಾಮೆರಾ ಎರಡನ್ನೂ ಅದಕ್ಕೇ ಜೋಡಿಸಿ.

ಹೊಸದು ಕೊಳ್ಳುವವರಿಗೆ

ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತಾ ಪರೀಕ್ಷೆಯನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್ 9ರಿಂದ ಕಡ್ಡಾಯ ಮಾಡಿದೆ. ಕಡಿಮೆ ರೇಟಿಗೆ ಮರುಳಾಗದೆ, ಪರೀಕ್ಷೆ ಆದ ಮಾಡೆಲ್ಲೇ ಅಂತ ಕೇಳಿ, ಬಿಲ್ ಹಾಕಿಸಿಕೊಂಡೇ ತಗೊಳ್ಳಿ.

ನೀವು ಮುಟ್ಟದೇ ಕ್ಯಾಮೆರಾ ತಾನಾಗೇ ತಿರುಗಿದರೆ ಮೊದಲು ಸೆಟ್ಟಿಂಗ್ಸ್ ನೋಡಿ. ಓಡಾಡುವವರ ಹಿಂದೆ ತಿರುಗುವ ಸೌಲಭ್ಯ ಆನ್ ಇದ್ದರೂ ಹಂಗಾಗುತ್ತೆ. ಅದು ಆಫ್ ಇದ್ದೂ ತಿರುಗಿದರೆ ಪ್ಲಗ್ ಕಿತ್ತು, ಎಲ್ಲ ಪಾಸ್‌ವರ್ಡ್ ಬದಲಿಸಿ. ವಿಡಿಯೋ ಹೊರಗೆ ಹೋಗಿದೆ ಅನಿಸಿದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ದೂರು ಕೊಡಿ.