ರೂಟರಿಗೆ ತಕ್ಕ ಮಾಡ್ಯೂಲು: ಕೊಳ್ಳುವ ಮೊದಲು ನೋಡತಕ್ಕ ಐದು ಮಾತು



ಮೂರು ಫೇಸಿನ ಮೋಟಾರಿಗೆ ಒಂದು ಫೇಸಿನ ಸ್ಟಾರ್ಟರನ್ನು ನೀವು ಯಾರೂ ಕೊಳ್ಳುವದಿಲ್ಲ. ಮೋಟಾರಿನ ಮೇಲಿನ ತಗಡನ್ನು ಓದಿ, ಅಶ್ವಶಕ್ತಿಯನ್ನು ನೋಡಿಕೊಂಡೇ ಅಂಗಡಿಗೆ ಹೋಗುವಿರಿ. ಇದೇ ಜಾಣತನವು ಇಂಟರ್‌ನೆಟ್ ಸಾಮಾನಿಗೂ ಬೇಕು. ಈಗ ಹಾಲಿನ ಸಂಘದ ಲೆಕ್ಕ, ಪಂಚಾಯತಿಯಲ್ಲಿ ಸಿಗುವ ಪಹಣಿ, ಇವೆಲ್ಲ ಈ ಸಂಪರ್ಕವನ್ನೇ ನಂಬಿವೆ. ಹೊಂದದ ಸಾಮಾನು ತಂದರೆ ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ದಾರಿಯನ್ನು ಮತ್ತೊಮ್ಮೆ ತುಳಿಯಬೇಕಾಗುವದು. ಅಲ್ಲಿಯವರೆಗೆ ಕೆಲಸವೂ ನಿಲ್ಲುವದು, ಸಂಘದ ಹಣವೂ ಸಿಕ್ಕಿಬೀಳುವದು.

ಮಾಡ್ಯೂಲು ಎಂದರೇನು?

ಸಂಘದ ಕಚೇರಿಯಿಂದ 300 ಮೀಟರ್ ದೂರದ ಗೋದಾಮಿಗೆ ಸಂಪರ್ಕ ಒಯ್ಯಬೇಕಾಗಿದೆ ಎಂದು ತಿಳಿಯಿರಿ. ತಾಮ್ರದ ಸಾದಾ ನೆಟ್‌ವರ್ಕ್ ಕೇಬಲ್ಲಿಗೆ 100 ಮೀಟರೇ ಮಿತಿ. ಮೇಲಾಗಿ, ಮಲೆನಾಡಿನ ಸೆರಗಿನಲ್ಲಿರುವ ನಮಗೆ ಸಿಡಿಲಿನ ಭಯವುಂಟು. ತಾಮ್ರದ ತಂತಿಯು ಸಿಡಿಲಿನ ಹೊಡೆತವನ್ನು ಯಂತ್ರದವರೆಗೆ ತರಬಲ್ಲದು. ಫೈಬರಿನ ಗಾಜಿನ ಎಳೆಯಲ್ಲಿ ಹರಿಯುವದು ವಿದ್ಯುತ್ತಲ್ಲ, ಬೆಳಕು. ಆ ಬೆಳಕನ್ನು ಒಂದು ತುದಿಯಿಂದ ಕಳಿಸಿ ಇನ್ನೊಂದು ತುದಿಯಲ್ಲಿ ಹಿಡಿಯುವ ಬೆರಳುದ್ದದ ತುಂಡೇ ಎಸ್‌ಎಫ್‌ಪಿ ಮಾಡ್ಯೂಲು. ಅದನ್ನು ರೂಟರಿನ ಚೌಕ ಬಾಯಿಯಲ್ಲಿ ತೂರಿಸುವರು. ಎರಡು ತುದಿಗೂ ಒಂದೊಂದು ಬೇಕು.

ಐದು ಮಾತುಗಳು

1. ವೇಗ: ರೂಟರಿಗೆ ಆ ಬಾಯಿ ಇದೆಯೇ, ಇದ್ದರೆ ಎಷ್ಟು ವೇಗದ್ದು ಎಂಬುದನ್ನು ಮೊದಲು ನೋಡಿರಿ. 1 ಗಿಗಾಬಿಟ್ ಹಾಗೂ 10 ಗಿಗಾಬಿಟ್ ಮಾಡ್ಯೂಲುಗಳ ಆಕಾರ ಒಂದೇ. 1 ಗಿಗಾಬಿಟ್ಟಿನ ಬಾಯಿಯಲ್ಲಿ 10 ಗಿಗಾಬಿಟ್ಟಿನದು ಸರಿಯಾಗಿ ಕೂಡ್ರುವದು, ಆದರೆ ಕೆಲಸ ಮಾಡದು. ಕೂತಿತೆಂದ ಮಾತ್ರಕ್ಕೆ ಹೊಂದಿತೆಂದು ತಿಳಿಯಬಾರದು.

2. ಎಳೆಯ ಜಾತಿ: ಸಿಂಗಲ್ ಮೋಡ್ ಎಳೆಯ ತಿರುಳು ಸುಮಾರು 9 ಮೈಕ್ರಾನ್, ಹೊದಿಕೆ ಹೆಚ್ಚಾಗಿ ಹಳದಿ. ಇದಕ್ಕೆ 1310 ನ್ಯಾನೋಮೀಟರಿನ ಮಾಡ್ಯೂಲು ಹಾಕಿದರೆ 10 ಕಿ.ಮೀ.ವರೆಗೆ ಸಾಗುವದು. ಮಲ್ಟಿ ಮೋಡ್ ಎಳೆಯ ತಿರುಳು ಹೆಚ್ಚಾಗಿ 50 ಮೈಕ್ರಾನ್. ಇದಕ್ಕೆ 850 ನ್ಯಾನೋಮೀಟರಿನದು ಬೇಕು, 1 ಗಿಗಾಬಿಟ್ ವೇಗಕ್ಕೆ ಮಿತಿ ಸುಮಾರು 550 ಮೀಟರ್. ಒಂದರ ಮಾಡ್ಯೂಲನ್ನು ಇನ್ನೊಂದಕ್ಕೆ ಹಚ್ಚಬಾರದು.

3. ಜೋಡಿ: ಕೆಲವು ಮಾಡ್ಯೂಲುಗಳು ಒಂದೇ ಎಳೆಯಲ್ಲಿ ಕಳಿಸುತ್ತವೆ, ಪಡೆಯುತ್ತವೆ. ಇವನ್ನು ಎಡ-ಬಲ ಚಪ್ಪಲಿಯಂತೆ ಜೋಡಿಯಾಗಿಯೇ ಕೊಳ್ಳಬೇಕು. ಒಂದು 1310ರಲ್ಲಿ ಕಳಿಸಿ 1550ರಲ್ಲಿ ಪಡೆದರೆ, ಇನ್ನೊಂದು ತಿರುವು ಮುರುವಾಗಿರಬೇಕು. ಒಂದೇ ನಮೂನೆಯ ಎರಡು ತಂದರೆ ಸಂಪರ್ಕವಾಗದು.

4. ತುದಿ: ಮಾಡ್ಯೂಲಿಗೆ ಸಾಮಾನ್ಯವಾಗಿ ಎಲ್‌ಸಿ ಎಂಬ ಸಣ್ಣ ತುದಿ ಬೇಕು. ಎಸ್‌ಸಿ ಎಂಬುದು ಅದಕ್ಕಿಂತ ದೊಡ್ಡದು. ಹಸಿರು ತುದಿಯ ಮುಖವನ್ನು ಓರೆಯಾಗಿ ಕೊರೆದಿರುತ್ತಾರೆ. ನೀಲಿಯದಕ್ಕೆ ಆ ಓರೆಯಿಲ್ಲ. ಹಸಿರಿಗೆ ನೀಲಿಯನ್ನು ಕೂಡಿಸಬೇಡಿರಿ.

5. ರೂಟರಿನ ಒಪ್ಪಿಗೆ: ಮಾಡ್ಯೂಲಿನೊಳಗೆ ತಯಾರಕರ ಗುರುತನ್ನು ಬರೆದಿರುತ್ತಾರೆ. ರೂಟರು ಅದನ್ನು ಓದುತ್ತದೆ. ಕೆಲವು ರೂಟರುಗಳು ಬೇರೆ ತಯಾರಕರ ಮಾಡ್ಯೂಲನ್ನು ಒಪ್ಪುವದಿಲ್ಲ. ನಿಮ್ಮ ರೂಟರಿನ ಮಾದರಿಗೆ ಯಾವವು ಹೊಂದುವವೆಂಬ ಪಟ್ಟಿಯು ತಯಾರಕರಲ್ಲಿ ಸಿಗುವದು. ಅಂಗಡಿಯವರಿಗೆ ಅದನ್ನು ತೋರಿಸಲು ಹೇಳಿರಿ.

ಇನ್ನೊಂದು ಮಾತು. ಮನೆಗೆ ಕಂಪನಿಯವರು ತರುವ ಫೈಬರಿನ ಪದ್ಧತಿಯೇ ಬೇರೆ. ಅದಕ್ಕೆ ಈ ಸಾದಾ ಮಾಡ್ಯೂಲು ನಡೆಯದು, ಕಂಪನಿಯವರನ್ನೇ ಕೇಳಬೇಕು.

ಬೆಳಗಾವಿಗೆ ಹೊರಡುವ ಮುನ್ನ

ರೂಟರಿನ ಹಿಂಬದಿಯ ಚೀಟಿಯನ್ನೂ ಫೈಬರಿನ ಹೊದಿಕೆಯ ಮೇಲಿನ ಬರಹವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ಹಳೆಯ ಮಾಡ್ಯೂಲಿದ್ದರೆ ಜೊತೆಗೆ ಒಯ್ಯಿರಿ. ಹೊಂದದಿದ್ದರೆ ಹಿಂದಕ್ಕೆ ಪಡೆಯುವದಾಗಿ ಪಾವತಿಯ ಮೇಲೆ ಬರೆಯಿಸಿಕೊಳ್ಳಿರಿ.

ಫೈಬರಿನ ತುದಿಯಲ್ಲಾಗಲಿ ಮಾಡ್ಯೂಲಿನ ಬಾಯಿಯಲ್ಲಾಗಲಿ ಎಂದೂ ಇಣಿಕಿ ನೋಡಬೇಡಿರಿ. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಅಪಾಯ ಮಾಡಬಲ್ಲದು. ಮಕ್ಕಳಿಗೂ ಇದನ್ನು ತಿಳಿಸಿರಿ. ಬಳಸದ ಬಾಯಿಗೆ ಧೂಳು ಹೋಗದಂತೆ ಮುಚ್ಚಳ ಹಾಕಿಡಿರಿ.

ಸಂಘದ ಮುಂದಿನ ಸಭೆಯಲ್ಲಿ ಈ ಐದು ಮಾತುಗಳನ್ನು ಓದಿ ಹೇಳಿರಿ. ಖರೀದಿಯ ಠರಾವಿನಲ್ಲಿ ಬರೇ ‘ಮಾಡ್ಯೂಲು’ ಎಂದು ಬರೆಯದೆ ಈ ಐದು ವಿವರಗಳನ್ನೂ ಸೇರಿಸಿದರೆ, ಯಾರು ಪೇಟೆಗೆ ಹೋದರೂ ಸರಿಯಾದ ಸಾಮಾನೇ ಬರುವದು.